ತಯಾರಿಕೆ ನಿಂತರೂ ನಿಲ್ಲದ ಬೇಡಿಕೆ: ಹಳೆಯ ಕಂಪ್ಯೂಟರಿಗೆ ಹವ್ಯಾಸಿಗಳ ಹೊಸ ಆಟಗಳು

ಒಂದು ಸರಕಿನ ತಯಾರಿಕೆ ನಿಂತಿತೆಂದರೆ ಅದರ ವ್ಯಾಪಾರವೂ ಮುಗಿಯಿತೆಂಬುದು ವಾಣಿಜ್ಯ ವಲಯದ ಸಾಮಾನ್ಯ ತಿಳಿವಳಿಕೆ. ಬಿಡಿಭಾಗಗಳ ದಾಸ್ತಾನು ಬರಿದಾಗುತ್ತದೆ, ದುರಸ್ತಿ ಬಲ್ಲವರು ಬೇರೆ ಕೆಲಸ ಹಿಡಿಯುತ್ತಾರೆ, ಕೊನೆಗೆ ಯಂತ್ರ ಗುಜರಿ ಸೇರುತ್ತದೆ. ಈ ತಿಳಿವಳಿಕೆಗೆ ಅಪವಾದವಾಗಿರುವ ಪುಟ್ಟ ಕಂಪ್ಯೂಟರೊಂದರ ವೃತ್ತಾಂತವು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆಗಳ ವರ್ತಕರು ಮತ್ತು ಸಣ್ಣ ಉದ್ದಿಮೆದಾರರ ಗಮನಕ್ಕೆ ಅರ್ಹವಾಗಿದೆ. 1992ರಲ್ಲಿ ತಯಾರಿಕೆ ನಿಂತುಹೋದ ಈ ಯಂತ್ರಕ್ಕೆ ಇಂದಿಗೂ ಪ್ರತಿವರ್ಷ ಹೊಸ ಆಟಗಳು ಬರುತ್ತಿವೆ. ಅವುಗಳನ್ನು ರಚಿಸುತ್ತಿರುವವರಲ್ಲಿ ಬಹುತೇಕರು ಬಿಡುವಿನ ವೇಳೆಯಲ್ಲಿ ಮನೆಯಲ್ಲಿಯೇ ಕುಳಿತು ದುಡಿಯುವ ಹವ್ಯಾಸಿಗಳು.

ಯಂತ್ರದ ಹಿನ್ನೆಲೆ

ಇಂಗ್ಲೆಂಡಿನ ಕೇಂಬ್ರಿಡ್ಜ್ ನಗರದ ಸಿಂಕ್ಲೇರ್ ರಿಸರ್ಚ್ ಸಂಸ್ಥೆಯು 1982ರ ಏಪ್ರಿಲ್ ತಿಂಗಳಲ್ಲಿ ‘ಜೆಡ್‌ಎಕ್ಸ್ ಸ್ಪೆಕ್ಟ್ರಮ್’ ಎಂಬ ಗೃಹಬಳಕೆಯ ಕಂಪ್ಯೂಟರನ್ನು ಹೊರತಂದಿತು. 16 ಕಿಲೋಬೈಟ್ ಸ್ಮೃತಿಯುಳ್ಳ ಮಾದರಿಗೆ 125 ಪೌಂಡ್, 48 ಕಿಲೋಬೈಟ್ ಮಾದರಿಗೆ 175 ಪೌಂಡ್ ಬೆಲೆಯಿತ್ತು. ಮನೆಯ ಟಿ.ವಿ.ಯೇ ಅದರ ಪರದೆ. ಟೇಪ್‌ರೆಕಾರ್ಡರಿನ ಕ್ಯಾಸೆಟ್ಟೇ ಅದರ ಸಂಗ್ರಹ. ಒಂದು ದೊಡ್ಡ ಆಟವನ್ನು ಕ್ಯಾಸೆಟ್ಟಿನಿಂದ ತುಂಬಿಕೊಳ್ಳಲು ಸುಮಾರು 5 ನಿಮಿಷ ಕಾಯಬೇಕಿತ್ತು. ಆದರೂ 50 ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾದವು. ಭಾರತದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಪರವಾನಗಿ ಪಡೆದು ಇದರ ‘ಸ್ಪೆಕ್ಟ್ರಮ್ ಪ್ಲಸ್’ ಮಾದರಿಯನ್ನು 1986ರಲ್ಲಿ ಮಾರುಕಟ್ಟೆಗೆ ತಂದಿತು. ಅದೇ ವರ್ಷ ಸಿಂಕ್ಲೇರ್ ಕಂಪ್ಯೂಟರುಗಳ ಹಕ್ಕನ್ನು ಆಮ್‌ಸ್ಟ್ರಾಡ್ ಸಂಸ್ಥೆಯು 50 ಲಕ್ಷ ಪೌಂಡಿಗೆ ಖರೀದಿಸಿತು.

ಹಂಚಿಕೆಯಿಂದ ಉಳಿದ ಬೇಡಿಕೆ

ತಯಾರಿಕೆ ನಿಂತ ಬಳಿಕ ಯಂತ್ರವನ್ನು ಉಳಿಸಿದ್ದು ಎರಡು ಸಂಗತಿಗಳು. ಮೊದಲನೆಯದು ಹಕ್ಕುದಾರರ ಔದಾರ್ಯ. ಸ್ಪೆಕ್ಟ್ರಮ್ಮಿನ ಮೂಲ ತಂತ್ರಾಂಶವನ್ನು, ಹಕ್ಕುಸ್ವಾಮ್ಯವನ್ನು ತನ್ನಲ್ಲಿಯೇ ಇರಿಸಿಕೊಂಡು, ಇತರ ಕಂಪ್ಯೂಟರುಗಳಲ್ಲಿ ಸ್ಪೆಕ್ಟ್ರಮ್ಮನ್ನು ಅನುಕರಿಸುವ ತಂತ್ರಾಂಶಗಳೊಂದಿಗೆ ವಿತರಿಸಲು ಆಮ್‌ಸ್ಟ್ರಾಡ್ 1999ರಲ್ಲಿ ಅನುಮತಿ ನೀಡಿತು. ಹೀಗಾಗಿ ಹಳೆಯ ಯಂತ್ರ ಕೈಯಲ್ಲಿಲ್ಲದವರೂ ಅದಕ್ಕೆ ಆಟ ಬರೆಯುವಂತಾಯಿತು.

ಎರಡನೆಯದು ಹವ್ಯಾಸಿಗಳ ಪರಸ್ಪರ ಸಹಕಾರ. 48 ಕಿಲೋಬೈಟಿನಲ್ಲಿ ಪರದೆಯ ಚಿತ್ರಕ್ಕೇ ಸುಮಾರು 7 ಕಿಲೋಬೈಟ್ ಸಲ್ಲುತ್ತದೆ. ಉಳಿದುದರಲ್ಲಿ ಇಡೀ ಆಟ ಅಡಗಬೇಕು. ಇಂದಿನ ಮೊಬೈಲಿನ ಒಂದು ಛಾಯಾಚಿತ್ರಕ್ಕೆ ಇದರ ಹತ್ತಾರು ಪಟ್ಟು ಜಾಗ ಬೇಕಾಗುತ್ತದೆ. ಇಂತಹ ಇಕ್ಕಟ್ಟಿನಲ್ಲಿ ಕೆಲಸ ಮಾಡಲು ಬೇಕಾದ ಸಾಧನಗಳನ್ನು ಹವ್ಯಾಸಿಗಳೇ ಸಿದ್ಧಪಡಿಸಿ ಹಂಚಿದರು. ಬ್ರಿಟನ್ನಿನ ಜೊನಾಥನ್ ಕಾಲ್ಡ್‌ವೆಲ್ ರೂಪಿಸಿದ ‘ಆರ್ಕೇಡ್ ಗೇಮ್ ಡಿಸೈನರ್’ ಎಂಬ ತಂತ್ರಾಂಶವು ಪ್ರೋಗ್ರಾಮಿಂಗ್‌ನಲ್ಲಿ ಪರಿಣತಿಯಿಲ್ಲದವರೂ ಆಟ ಕಟ್ಟುವುದನ್ನು ಸಾಧ್ಯವಾಗಿಸಿತು. ಸ್ಪೇನ್ ದೇಶದ ‘ಮೊಖೋನ್ ಟ್ವಿನ್ಸ್’ ಬಳಗವೂ ತನ್ನ ಸಾಧನಗಳನ್ನು ಇತರರಿಗೆ ಮುಕ್ತವಾಗಿ ನೀಡಿತು. ಹೀಗೆ ತಯಾರಾದ ಆಟಗಳಲ್ಲಿ ಅನೇಕವು ಉಚಿತ. ಕೆಲವನ್ನು ಸಣ್ಣ ಪ್ರಕಾಶಕರು ಮುದ್ರಿತ ಹೊದಿಕೆಯೊಡನೆ ಕ್ಯಾಸೆಟ್ ರೂಪದಲ್ಲಿಯೇ ಮಾರುತ್ತಾರೆ.

ಬಿಡಿಭಾಗಗಳ ವ್ಯಾಪಾರ

ಹೊಸ ಆಟ ಬಂದಂತೆಲ್ಲ ಅಟ್ಟ ಸೇರಿದ್ದ ಯಂತ್ರಗಳು ಕೆಳಗಿಳಿದವು; ಅವುಗಳ ದುರಸ್ತಿಗೆ ಬೇಡಿಕೆ ಹುಟ್ಟಿತು. ಸ್ಪೆಕ್ಟ್ರಮ್ಮಿನ ಕೀಲಿಮಣೆಯ ಅಡಿಯಲ್ಲಿರುವ ತೆಳು ಪ್ಲಾಸ್ಟಿಕ್ ಪದರವು ವಯಸ್ಸಾದಂತೆ ಪೆಡಸಾಗಿ ಮುರಿಯುತ್ತದೆ. ಈ ಪದರವನ್ನು ಹಾಗೂ ಹೊರಕವಚಗಳನ್ನು ಸಣ್ಣ ತಯಾರಕರು ಹೊಸದಾಗಿ ಮಾಡಿ ಮಾರುತ್ತಿದ್ದಾರೆ. ಈ ಯಂತ್ರಕ್ಕೆಂದೇ ಫೆರಾಂಟಿ ಸಂಸ್ಥೆ ತಯಾರಿಸಿದ್ದ ವಿಶೇಷ ಚಿಪ್ಪಿನ ಒಳರಚನೆಯನ್ನು ಕ್ರಿಸ್ ಸ್ಮಿತ್ ಎಂಬ ತಂತ್ರಜ್ಞರು ಅಧ್ಯಯನ ಮಾಡಿ 2010ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅವರ ಶ್ರಮದ ಫಲವಾಗಿ ಸಾಮಾನ್ಯ ಚಿಪ್ಪುಗಳಿಂದಲೇ ಇಡೀ ಯಂತ್ರವನ್ನು ಮರುನಿರ್ಮಿಸುವುದು ಸಾಧ್ಯವಾಯಿತು. ಆದರೆ ಆತಂಕಗಳೂ ಇಲ್ಲದಿಲ್ಲ. ಯಂತ್ರದ ಹೃದಯವಾದ ಜೆಡ್80 ಪ್ರೊಸೆಸರಿನ ಮೂಲ ಮಾದರಿಯ ತಯಾರಿಕೆಯನ್ನು ಕೊನೆಗೊಳಿಸುವುದಾಗಿ ಜೈಲಾಗ್ ಸಂಸ್ಥೆಯು 2024ರಲ್ಲಿ ಪ್ರಕಟಿಸಿತು.

ಮುಂಗಡ ಹಣದ ಎರಡು ಉದಾಹರಣೆಗಳು

ಈ ಅಭಿಮಾನಿ ಬಳಗದ ವಿಶ್ವಾಸವೇ ಬಂಡವಾಳವಾದದ್ದೂ ಉಂಟು. ‘ಸ್ಪೆಕ್ಟ್ರಮ್ ನೆಕ್ಸ್ಟ್’ ಎಂಬ ನವೀಕೃತ ಯಂತ್ರಕ್ಕಾಗಿ 2017ರಲ್ಲಿ ಗ್ರಾಹಕರಿಂದಲೇ 7 ಲಕ್ಷ ಪೌಂಡಿಗೂ ಹೆಚ್ಚು ಮುಂಗಡ ಸಂಗ್ರಹವಾಯಿತು. ಗಡುವು ಮೀರಿದರೂ 2020ರಲ್ಲಿ ಯಂತ್ರಗಳು ಗ್ರಾಹಕರ ಕೈಸೇರಿದವು. ಅದೇ ವರ್ಷ ಎರಡನೆಯ ಕಂತಿಗೆ 18 ಲಕ್ಷ ಪೌಂಡಿಗೂ ಮೀರಿ ಹಣ ಹರಿದುಬಂದಿತು.

ಇದಕ್ಕೆ ವ್ಯತಿರಿಕ್ತವಾದುದು ‘ವೆಗಾ ಪ್ಲಸ್’ ಎಂಬ ಕೈಯಲ್ಲಿ ಹಿಡಿಯುವ ಯಂತ್ರದ ಪ್ರಕರಣ. 2016ರಲ್ಲಿ 5 ಲಕ್ಷ ಪೌಂಡಿಗೂ ಹೆಚ್ಚು ಹಣ ಸಂಗ್ರಹವಾದರೂ ಹಣ ತೆತ್ತವರಲ್ಲಿ ಬಹುಪಾಲು ಮಂದಿಗೆ ಯಂತ್ರ ತಲುಪಲಿಲ್ಲ. 2019ರಲ್ಲಿ ಕಂಪನಿಯು ಸಮಾಪನಗೊಂಡಿತು. ಗ್ರಾಹಕರು ವಿಳಂಬವನ್ನು ಸಹಿಸಿದರು, ವಚನಭಂಗವನ್ನು ಸಹಿಸಲಿಲ್ಲ. 2024ರ ನವೆಂಬರಿನಲ್ಲಿ ರೆಟ್ರೊ ಗೇಮ್ಸ್ ಸಂಸ್ಥೆಯು ಹೊರತಂದ ‘ದಿ ಸ್ಪೆಕ್ಟ್ರಮ್’ ಯಂತ್ರದಲ್ಲಿ 48 ಆಟಗಳು ಅಡಕವಾಗಿದ್ದು, ಹವ್ಯಾಸಿಗಳ ಇತ್ತೀಚಿನ ಕೆಲವು ರಚನೆಗಳೂ ಅವುಗಳಲ್ಲಿ ಸೇರಿವೆ. ಹವ್ಯಾಸವು ಹೀಗೆ ಪುನಃ ಅಂಗಡಿಯ ಸರಕಾಯಿತು.

ಜಿಲ್ಲೆಯ ಉದ್ದಿಮೆಗಳಿಗೆ ಅನ್ವಯ

ಆಟದ ಕಂಪ್ಯೂಟರಿಗೂ ಚಿತ್ರದುರ್ಗ, ಹಿರಿಯೂರುಗಳ ಎಣ್ಣೆ ಗಿರಣಿಗೂ ಏನು ಸಂಬಂಧವೆಂದು ಕೇಳಬಹುದು. ಹೊಸದುರ್ಗ, ಹೊಳಲ್ಕೆರೆ ಭಾಗದ ಅಡಿಕೆ ಸುಲಿಯುವ ಯಂತ್ರವಿರಲಿ, ಶೇಂಗಾ ಸುಲಿಯುವ ಯಂತ್ರವಿರಲಿ, ತಯಾರಕರು ಬಾಗಿಲು ಮುಚ್ಚಿದ ಮಾತ್ರಕ್ಕೆ ಅದು ನಿರುಪಯುಕ್ತವಾಗುವುದಿಲ್ಲ. ಸವೆದ ಭಾಗದ ಅಳತೆ ಹಾಗೂ ನಕ್ಷೆ ಕಾಗದದ ಮೇಲಿದ್ದರೆ ಊರಿನ ಲೇತ್ ಅಂಗಡಿಯಲ್ಲಿಯೇ ಅದು ಸಿದ್ಧವಾದೀತು. ಆ ಜ್ಞಾನ ಒಬ್ಬ ಮೇಸ್ತ್ರಿಯ ತಲೆಯಲ್ಲಿ ಮಾತ್ರ ಉಳಿದರೆ ಅವರೊಡನೆಯೇ ಯಂತ್ರವೂ ನಿವೃತ್ತಿಯಾಗುತ್ತದೆ.

ಒಂದೇ ಬಗೆಯ ಯಂತ್ರವುಳ್ಳ ಮಾಲೀಕರು ತಮ್ಮ ತಮ್ಮ ನಕ್ಷೆಗಳನ್ನು ಪರಸ್ಪರ ಹಂಚಿಕೊಂಡು, ಬಿಡಿಭಾಗಗಳನ್ನು ಒಟ್ಟಾಗಿ ಮಾಡಿಸಿಕೊಂಡರೆ ಬಿಡಿ ಬಿಡಿಯಾಗಿ ಮಾಡಿಸುವ ವೆಚ್ಚ ತಗ್ಗುತ್ತದೆ. ಲೇತ್ ಅಂಗಡಿಗೂ ನಿಶ್ಚಿತ ಕೆಲಸ ದೊರೆಯುತ್ತದೆ. ಹಂಚಿಕೊಂಡರೆ ವ್ಯಾಪಾರದ ಗುಟ್ಟು ಹೊರಬೀಳುವುದೆಂಬ ಅಳುಕು ಸಹಜವಾದುದೇ. ಆದರೆ ಸ್ಪೆಕ್ಟ್ರಮ್ಮಿನ ವಿಷಯದಲ್ಲಿ ಹಂಚಿಕೆಯಿಂದ ವ್ಯಾಪಾರ ಬೆಳೆಯಿತೇ ಹೊರತು ಕುಗ್ಗಲಿಲ್ಲ.