ಅಪ್ಪ ಹುಟ್ಟಿದ ಊರೋ, ತೀರಿಕೊಂಡ ಊರೋ?

‘ಅಪ್ಪನ ನೆನಪಿಗೆ ಅರಸುಮಗ ಕಟ್ಟಿಸಿದ ಗುಡಿ ಯಾವುದು?’

ಟ್ರೆಷರ್ ಹಂಟ್‌ನಲ್ಲಿ ಈ ಚೀಟಿ ಕೈಗೆ ಬಂದ ತಂಡ ಚಾಮರಾಜನಗರದ್ದಾದರೆ ಎರಡನೇ ಸಲ ಓದದೆ ಚಾಮರಾಜೇಶ್ವರನ ಗುಡಿಯತ್ತ ಓಡುತ್ತದೆ. ಗುಂಡ್ಲುಪೇಟೆಯವರಾದರೆ ಪರವಾಸುದೇವರ ಗುಡಿ ಎನ್ನುತ್ತಾರೆ. ಇಬ್ಬರದೂ ಸರಿ. ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಅರಿಕುಠಾರಕ್ಕೆ 1818ರಲ್ಲಿ ಅವರ ಹೆಸರಿಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. 1826ರಲ್ಲಿ ಗುಡಿಯನ್ನೂ ಕಟ್ಟಿಸಿದರು. ಅದಕ್ಕೆ ಶತಮಾನಕ್ಕೂ ಹಿಂದೆ, 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಗುಂಡ್ಲುಪೇಟೆಯಲ್ಲಿ ಗುಡಿ ಕಟ್ಟಿಸಿದ್ದು ತಂದೆ ಅಲ್ಲಿ ತೀರಿಕೊಂಡರೆಂದು. ಚೀಟಿಯಲ್ಲಿ ‘ಹುಟ್ಟಿದೂರು’ ಎಂಬ ಒಂದು ಮಾತು ಬಿಟ್ಟುಹೋದರೆ ಆಟ ಜಗಳಕ್ಕೆ ತಿರುಗುತ್ತದೆ.

ಟ್ರೆಷರ್ ಹಂಟ್ ನಿಲ್ಲುವುದೂ ಬೀಳುವುದೂ ಈ ಚೀಟಿಗಳ ಮೇಲೆಯೇ. ನಾಲ್ಕೈದು ಮಂದಿಯ ತಂಡಗಳು ಒಂದು ಸುಳಿವು ಬಿಡಿಸಿ ಒಂದು ಜಾಗ ಮುಟ್ಟಬೇಕು, ಅಲ್ಲಿ ಮುಂದಿನ ಸುಳಿವು. ಎಲ್ಲ ತಂಡಕ್ಕೂ ಒಂದೇ ದಾರಿ ಕೊಟ್ಟರೆ ಹಿಂದಿನವರು ಮುಂದಿನವರ ಬೆನ್ನು ಹಿಡಿದು ಸಾಗುತ್ತಾರಷ್ಟೆ; ಅದಕ್ಕೇ ಅನುಭವಸ್ಥರು ಒಬ್ಬೊಬ್ಬರನ್ನು ಒಂದೊಂದು ಕಡೆಯಿಂದ ಬಿಡುತ್ತಾರೆ. ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಉತ್ತರವಿದ್ದರೆ ಚೀಟಿ ಸತ್ತಂತೆ. ಜಾಗಕ್ಕೇ ಹೋಗಿ ಮೆಟ್ಟಿಲು ಎಣಿಸಬೇಕು, ಇಲ್ಲವೇ ದೊಡ್ಡಂಗಡಿ ಬೀದಿಯ ಹಳೆಯ ಅಂಗಡಿಯವರನ್ನು ‘ಅಣ್ಣಾ, ಇದೆಲ್ಲಿ ಬರುತ್ತೆ?’ ಎಂದು ಕೇಳಬೇಕು.

ಹೊರದೇಶಗಳಲ್ಲಿ ಈ ಆಟ ಬೆಳೆದ ಬಗೆ ಬೇರೆ. ಅಮೆರಿಕದ ಎಂಐಟಿಯಲ್ಲಿ 1981ರಿಂದ ಪ್ರತಿ ಜನವರಿಯಲ್ಲಿ ಒಗಟುಗಳ ಬೇಟೆ ನಡೆಯುತ್ತಿದೆ. 2000ದ ಮೇ ತಿಂಗಳಲ್ಲಿ ಜಿಪಿಎಸ್ ನಿಖರತೆಗಿದ್ದ ಕಡಿವಾಣ ತೆಗೆದ ಮರುದಿನವೇ ಆರೆಗಾನ್‌ನಲ್ಲೊಬ್ಬರು ಬಕೆಟ್ಟೊಂದನ್ನು ಬಚ್ಚಿಟ್ಟು, ಜಿಪಿಎಸ್ ಹಿಡಿದು ಹುಡುಕುವ ಜಿಯೋಕ್ಯಾಶಿಂಗ್ ಶುರುಮಾಡಿದರು. ಚೀಟಿ ಬರೆಯಲು ನಮಗೆ ಅಷ್ಟು ದೂರ ಹೋಗಬೇಕಿಲ್ಲ, ಅಜ್ಜಿಯರ ಒಗಟುಗಳಿವೆ.

ಚಾಮರಾಜನಗರದಲ್ಲಿ ಸಾಮಗ್ರಿಗೆ ಬರವೂ ಇಲ್ಲ. ಆಷಾಢದಲ್ಲಿ ಅತ್ತೆಮನೆ, ತವರುಮನೆ ಎಂದು ದೂರವಾದ ನವಜೋಡಿಗಳು ಒಟ್ಟಾಗಿ ಬಂದು ಚಾಮರಾಜೇಶ್ವರನ ತೇರಿಗೆ ಹಣ್ಣು ಜವನ ಎಸೆಯುವ ಊರಿದು. 2017ರಲ್ಲಿ ಆ ತೇರಿಗೆ ಬೆಂಕಿ ಬಿದ್ದು, ಹೊಸದು ಬೀದಿಗಿಳಿದದ್ದು 2022ರಲ್ಲಿ. ಗುಡಿಯ ಹತ್ತಿರವೇ ಚಾಮರಾಜ ಒಡೆಯರ ಜನನ ಮಂಟಪ. ಹೊಯ್ಸಳರ ಕಾಲದ, 1117ರ ಪಾರ್ಶ್ವನಾಥ ಬಸದಿ. ಮೈಸೂರಿನಿಂದ ಬಂದ ಹಳಿ ಮುಗಿಯುವ ರೈಲು ನಿಲ್ದಾಣ. ಕುರ್ಚಿ ಹೋದೀತೆಂದು ಮುಖ್ಯಮಂತ್ರಿಗಳು ಕಾಲಿಡಲು ಹೆದರುತ್ತಿದ್ದ ಊರು ಎಂಬುದೂ ಒಳ್ಳೆಯ ಸುಳಿವೇ.

ಒಂದು ಎಚ್ಚರ. ನಮ್ಮ ಕಡೆ ‘ನಿಧಿ’ ಎಂದರೆ ಅಮಾವಾಸ್ಯೆ ರಾತ್ರಿ ಗುದ್ದಲಿ ಹಿಡಿದು ಪಾಳುಗುಡಿ ಅಗೆಯುವವರ ನೆನಪು ಬರುತ್ತದೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂದು 1962ರ ಕರ್ನಾಟಕ ನಿಧಿ ಕಾಯ್ದೆಯೇ ಇದೆ. ಆದ್ದರಿಂದ ಚೀಟಿ ಮಣ್ಣಿನಲ್ಲಿ ಹೂಳುವುದು ಬೇಡ, ಶಾಸನದ ಕಲ್ಲಿಗೆ ಗೋಂದು ಹಚ್ಚುವುದಂತೂ ಬೇಡವೇ ಬೇಡ. ಎದುರಿನ ಟೀ ಅಂಗಡಿಯವರ ಕೈಗೆ ಕೊಟ್ಟರೆ ಸಾಕು. ತಂಡಕ್ಕೆ ಒಂದು ಟೀಯೂ ಆಗುತ್ತದೆ.

ಆಟ ಇಡುವವರು ಯಾವ ಭಾನುವಾರವನ್ನಾದರೂ ಆರಿಸಿಕೊಳ್ಳಲಿ, ತೇರಿನ ದಿನವೊಂದನ್ನು ಬಿಟ್ಟು. ಅಂದು ರಥದ ಬೀದಿಯಲ್ಲಿ ಓಡುವುದಿರಲಿ, ನಿಲ್ಲಲೂ ಜಾಗವಿರುವುದಿಲ್ಲ.