ಕನ್ಸೋಲ್ ಪಕ್ಕದ ಕುರ್ಚಿ

ರೆಕಾರ್ಡಿಂಗ್ ಸ್ಟುಡಿಯೊಗೆ ಇಂಟರ್ನ್‌ಶಿಪ್‌ಗೆಂದು ಬರುವ ಇಂದಿನ ವಿದ್ಯಾರ್ಥಿಗೆ ಸಾಫ್ಟ್‌ವೇರ್ ಹೊಸದೇನಲ್ಲ. ಒಂದು ಲ್ಯಾಪ್‌ಟಾಪ್, ಆಡಿಯೊ ಇಂಟರ್‌ಫೇಸ್, ಹೆಡ್‌ಫೋನ್ ಇದ್ದರೆ ಮನೆಯಲ್ಲೇ ಹಾಡು ಕಟ್ಟಬಹುದು. ಪಿಯುಸಿ ಮುಗಿಯುವಷ್ಟರಲ್ಲಿ ಹತ್ತಾರು ಟ್ರ್ಯಾಕ್ ಮಾಡಿಟ್ಟುಕೊಂಡ ಮಕ್ಕಳಿದ್ದಾರೆ. ಮತ್ತೆ ಸ್ಟುಡಿಯೊಗೆ ಬಂದು ಕಲಿಯುವುದಕ್ಕೆ ಉಳಿದಿರುವುದೇನು? ಮೃದಂಗ ಒಳಗೆ ಬಂದ ದಿನ ಅದು ಗೊತ್ತಾಗುತ್ತದೆ.

ವಾದಕರು ಎಡಮುಖಕ್ಕೆ ಕಲಸಿದ ರವೆ ಮೆತ್ತಿ, ಶ್ರುತಿ ಕೂಡಿಸಿಕೊಂಡು ಕೂರುತ್ತಾರೆ. ಎಸಿ ಜೋರಾಗಿದ್ದರೆ ರವೆ ಒಣಗುತ್ತದೆ, ಚರ್ಮದ ಬಿಗಿ ಬದಲಾಗುತ್ತದೆ, ಮೊದಲ ಟೇಕಿನ ನಾದ ಐದನೆಯದರಲ್ಲಿ ಇರುವುದಿಲ್ಲ. ಎಸಿ ಆರಿಸಿದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೆವರು. ವಾದಕರು ಬರುವ ಮೊದಲೇ ಕೋಣೆಯನ್ನು ಹದಕ್ಕೆ ತಂದಿಡುವುದು ಇಂಟರ್ನ್ ಪಾಲಿನ ಕೆಲಸ. ಆಮೇಲೆ ಮೈಕು, ಎರಡು ಮುಖಕ್ಕೂ ಒಂದೊಂದು. ಬಲಗಡೆಯದನ್ನು ನಡುವಿನ ಕಪ್ಪು ಕರಣೆಯ ನೇರಕ್ಕೆ ಹಿಡಿದರೆ ಒಂದು ನಾದ, ಅಂಚಿನತ್ತ ತಿರುಗಿಸಿದರೆ ಇನ್ನೊಂದು. ‘ಎರಡು ಬೆರಳು ಹಿಂದಕ್ಕಿಡಮ್ಮ’ ಎಂದು ಇಂಜಿನಿಯರ್ ಕಂಟ್ರೋಲ್ ರೂಮಿನಿಂದ ಹೇಳುತ್ತಾರೆ. ಹುಡುಗಿ ಸ್ಟ್ಯಾಂಡ್ ಸರಿಸಿ ಓಡಿ ಬಂದು ಕೇಳುತ್ತಾಳೆ. ಎರಡು ಮೈಕಿನ ಅಲೆಗಳು ಒಂದನ್ನೊಂದು ಕಡಿದುಕೊಂಡರೆ ಎಡಗೈಯ ತುಂಬುನಾದ ತೆಳ್ಳಗಾಗಿಬಿಡುತ್ತದೆ. ಒಂದು ಮೈಕಿನ ಅಲೆಯನ್ನು ತಿರುವಿಹಾಕುವ ಫೇಸ್ ಬಟನ್ ಒತ್ತಿದಾಗ ಅದು ಮತ್ತೆ ತುಂಬಿಕೊಳ್ಳುವುದನ್ನು ಒಮ್ಮೆ ಕಿವಿಯಾರೆ ಕೇಳಿದವಳಿಗೆ ಆ ಪಾಠವನ್ನು ಇನ್ನೊಬ್ಬರು ಹೇಳಿಕೊಡಬೇಕಾಗಿಲ್ಲ.

ಗಾಯನದ ರೆಕಾರ್ಡಿಂಗ್‌ನಲ್ಲಿ ಕನ್ನಡ ಬಲ್ಲ ಇಂಟರ್ನ್‌ಗೆ ಬೇರೆಯೇ ಬೆಲೆಯಿದೆ. ಮೈಕಿನ ಮುಂದೆ ‘ಪ’, ‘ಭ’ ಉಸಿರಿನೊಂದಿಗೆ ಸಿಡಿಯುತ್ತವೆ. ಅದಕ್ಕೇ ಪಾಪ್ ಫಿಲ್ಟರ್. ‘ಸ’, ‘ಶ’ ಚುಚ್ಚುತ್ತವೆ. ಆ ಚುಚ್ಚುವಿಕೆಯನ್ನು ತಗ್ಗಿಸುವ ಡಿ-ಎಸ್ಸರನ್ನು ಅತಿಯಾಗಿ ಹಾಕಿದರೆ ಅಕ್ಷರವೇ ಮೊಂಡಾಗಿ, ಸಾಹಿತ್ಯ ಸಪ್ಪೆಯಾಗುತ್ತದೆ. ‘ಹಾಡು’ ಎಂಬಲ್ಲಿ ‘ಆಡು’ ಎಂದು ಕೇಳಿಸಿದರೆ, ‘ಳ’ ಹೋಗಿ ‘ಲ’ ಬಂದರೆ, ಹೊರರಾಜ್ಯದ ಗಾಯಕರಿಗೆ ಅದನ್ನು ವಿನಯದಿಂದ ತಿಳಿಸಬೇಕು. ಸಾಹಿತ್ಯದ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಕೂತ ಇಂಟರ್ನ್ ಯಾವ ಸಾಲು ಯಾವ ಟೇಕಿನಲ್ಲಿ ಚೆನ್ನಾಗಿ ಬಂತೆಂದು ಗುರುತು ಹಾಕುತ್ತಾಳೆ. ಸಂಜೆ ಇಂಜಿನಿಯರ್ ಸಾಲು ಸಾಲಾಗಿ ಆರಿಸಿ ಜೋಡಿಸುವುದು ಆ ಹಾಳೆಯನ್ನು ನೋಡಿಕೊಂಡೇ. ನಾವು ಕೇಳುವ ಎಷ್ಟೋ ಹಾಡುಗಳ ಹಿಂದೆ ಇಂಥ ಹಾಳೆಗಳಿವೆ.

ಕಡತಗಳಿಗೆ ಹೆಸರಿಡುವುದು ಚಿಲ್ಲರೆ ಕೆಲಸದಂತೆ ಕಾಣುತ್ತದೆ. ಆದರೆ ಅದು ಈ ಕಸುಬಿನಷ್ಟೇ ಹಳೆಯದು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಾಗ, ಆಕೆ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ದನಿಯೆಂದು ಗೊತ್ತಾಗಬೇಕಿತ್ತು. ಈಗ ಚೆನ್ನೈಯಲ್ಲೋ ಮುಂಬೈಯಲ್ಲೋ ಮಿಕ್ಸಿಂಗ್‌ಗೆ ಕೂತವರಿಗೆ ಅದೇ ತಿಳಿವಳಿಕೆಯನ್ನು ಕಡತದ ಹೆಸರು ಕೊಡಬೇಕು: ಹಾಡು, ವಾದ್ಯ, ಟೇಕ್, ಶ್ರುತಿ, ಲಯದ ವೇಗ, ಸ್ಯಾಂಪಲ್ ರೇಟ್. ಸಿನಿಮಾಗೆ 48 ಕಿಲೊಹರ್ಟ್ಜ್, ಸಿಡಿಗೆ 44.1. ಒಂದನ್ನು ಇನ್ನೊಂದೆಂದು ತಪ್ಪಾಗಿ ತಿಳಿದು 48ರ ಕಡತವನ್ನು 44.1ರಲ್ಲಿ ನುಡಿಸಿದರೆ ಹಾಡು ನಿಧಾನವಾಗುವುದಷ್ಟೇ ಅಲ್ಲ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗಿಳಿಯುತ್ತದೆ.

ಹೀಗೆ ಕೈಕೆಳಗೆ ಕೂತು ಕಲಿಯುವುದು ಎಲ್ಲ ಕಡೆಯ ಪದ್ಧತಿ. ಲಂಡನ್‌ನ ಅಬೆ ರೋಡ್ ಸ್ಟುಡಿಯೊಗೆ 1962ರಲ್ಲಿ ಸಹಾಯಕನಾಗಿ ಸೇರಿದ ಜೆಫ್ ಎಮೆರಿಕ್ 1966ರಲ್ಲಿ ಬೀಟಲ್ಸ್ ತಂಡದ ‘ರಿವಾಲ್ವರ್’ಗೆ ಇಂಜಿನಿಯರ್ ಆದಾಗ ಅವರ ವಯಸ್ಸು ಇಪ್ಪತ್ತು. ನಮ್ಮಲ್ಲಿ ಕಲಿಯುವ ಜಾಗವೇ ಬಹುಕಾಲ ದೂರವಿತ್ತು. ಕನ್ನಡ ಚಿತ್ರಗೀತೆಗಳ ಮುದ್ರಣ ದಶಕಗಳ ಕಾಲ ಹೆಚ್ಚಾಗಿ ಮದ್ರಾಸಿನಲ್ಲೇ ನಡೆಯುತ್ತಿತ್ತು. ಆಗ ಇಡೀ ವಾದ್ಯವೃಂದ ಒಟ್ಟಿಗೆ ನುಡಿಸಬೇಕಿತ್ತು, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ಮತ್ತು ಅನಂತ್‌ನಾಗ್ ಸೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ್ದನ್ನು ನಾನು ದೊಡ್ಡ ಉಪಕಾರವೆಂದೇ ಎಣಿಸುತ್ತೇನೆ. ಇಲ್ಲಿನ ಹುಡುಗರಿಗೆ ಈ ಕೆಲಸ ಕಣ್ಣಿಗೆ ಬೀಳುವಂತಾಯಿತು. ಓದಿ ಕಲಿಯುವವರಿಗೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆಯ ಡಿಪ್ಲೊಮಾ ಇದೆ. ಅದರ ಬೇರು ಇರುವುದು ಛಾಯಾಗ್ರಾಹಕ ವಿ.ಕೆ. ಮೂರ್ತಿ ಓದಿದ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ.

ಹೆಸರಘಟ್ಟದಲ್ಲಿ ಓದಿದವರಿಗೂ ಸೆಷನ್‌ನಲ್ಲಿ ಕೂತ ಅನುಭವ ಬೇಕೇ ಬೇಕು. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಕೊಡಬೇಕೆಂದು ಪುಸ್ತಕ ಹೇಳುತ್ತದೆ. ಆದರೆ ಹೆಡ್‌ಫೋನಿನಲ್ಲಿ ತಂಬೂರಿ ಒಂದಿಷ್ಟು ಹೆಚ್ಚಿಸಿ, ಲಯ ತೋರಿಸುವ ಕ್ಲಿಕ್ ತಗ್ಗಿಸಿದ ಕೂಡಲೇ ಗಾಯಕಿಯ ದನಿ ಬಿಗಿ ಬಿಡುವುದನ್ನು ಅಲ್ಲೇ ಇದ್ದು ನೋಡಬೇಕು. ನಾಲ್ಕನೇ ಟೇಕ್ ಕೆಟ್ಟಿತೆಂದು ಆಕೆ ನೊಂದಾಗ ಮಾತಾಡಬೇಕೇ, ನೀರು ಕೊಟ್ಟು ಸುಮ್ಮನಿರಬೇಕೇ ಎಂಬುದೂ ಅಲ್ಲೇ ತಿಳಿಯುವುದು.

ಹಾಗಾಗಿ ಇಂಟರ್ನ್‌ಶಿಪ್‌ಗೆ ಸೇರುವವರು ಮೊದಲೇ ಕೇಳಿಕೊಳ್ಳಬೇಕಾದ್ದು ಸ್ಟುಡಿಯೊದಲ್ಲಿ ಯಾವ ಯಂತ್ರವಿದೆ ಎಂಬುದನ್ನಲ್ಲ. ಸೆಷನ್ ನಡೆಯುವಾಗ ಒಳಗೆ ಕೂರಲು ಬಿಡುತ್ತಾರೆಯೇ, ಕೆಲಸ ಮುಗಿದ ಮೇಲೆ ಹಳೆಯ ಟ್ರ್ಯಾಕ್‌ಗಳನ್ನು ಮಿಕ್ಸ್ ಮಾಡಿ ನೋಡಲು ಕೊಡುತ್ತಾರೆಯೇ, ಮಾಡಿದ್ದನ್ನು ಯಾರಾದರೂ ಕೇಳಿ ತಿದ್ದುತ್ತಾರೆಯೇ ಎಂದು ಕೇಳಿ. ಸ್ಟುಡಿಯೊಗಳವರಿಗೂ ಒಂದು ಮಾತು. ರಾತ್ರಿ ಹತ್ತಕ್ಕೆ ಸೆಷನ್ ಮುಗಿಸಿ ಕೊನೆಯ ಬಸ್ಸಿಗೆ ಓಡುವ ಮಗುವಿಗೆ ಊಟ ಹಾಕಿ, ಓಡಾಟದ ಖರ್ಚು ಕೊಡಿ, ಸಾಧ್ಯವಾದರೆ ಸಂಬಳವನ್ನೂ ಕೊಡಿ; ‘ಕಲಿಸುತ್ತಿದ್ದೇವಲ್ಲ’ ಎಂಬುದು ಅದಕ್ಕೆ ಬದಲಲ್ಲ. ಹಾಡು ಬಿಡುಗಡೆಯಾಗುವಾಗ ಸಾಹಿತ್ಯ, ಸಂಗೀತ, ಗಾಯನದ ಕೆಳಗೆ ಮಿಕ್ಸಿಂಗ್ ಮಾಡಿದವರ ಹೆಸರು ಈಗೀಗ ಬರುತ್ತಿದೆ. ಅದರ ಮುಂದಿನ ಸಾಲಿನಲ್ಲಿ ‘ಸಹಾಯ’ ಎಂದು ಹಾಕಿ ಇವಳ ಹೆಸರನ್ನೂ ಬರೆಯಿರಿ. ಮುಂದಿನ ಸ್ಟುಡಿಯೊದಲ್ಲಿ ಕೆಲಸ ಕೇಳಲು ಹೋದಾಗ ಅವಳು ತೋರಿಸಬಹುದಾದ ದಾಖಲೆ ಅದೊಂದೇ.