ಹಗೇವಿನ ನೆಲದಲ್ಲಿ ಯೋಸೇಫನ ಕಥೆ

ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಸಲ್ಲದೆಂದು ನಮ್ಮ ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಬಹುಧರ್ಮೀಯ ದೇಶವೊಂದಕ್ಕೆ ಇದು ವಿವೇಕದ ನಿಯಮ. ಆದರೆ ಇದರ ಇನ್ನೊಂದು ಮುಖದ ಬಗ್ಗೆ ನಾವು ಯೋಚಿಸಿದ್ದು ಕಡಿಮೆ. ಶಾಲೆ ಹೇಳಬಾರದ ಕಥೆಯನ್ನು ಮನೆಯೇ ಹೇಳಬೇಕು. ಮನೆ ಮೌನವಾದರೆ ಏನಾಗುತ್ತದೆ?

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗಗಳಲ್ಲಿ ಸರ್ಕಾರಿ ಕೆಲಸದ ಮೇಲೆ ಓಡಾಡಿದ ನನಗೆ ಈ ಪ್ರಶ್ನೆ ಎದುರಾದದ್ದು ಅಲ್ಲಿಯ ಕ್ರೈಸ್ತ ಕುಟುಂಬಗಳಲ್ಲಿ. ಹಲವು ಹಳ್ಳಿಗಳಲ್ಲಿ ಇಂಥ ಮನೆಗಳು ಒಂದೋ ಎರಡೋ. ಚರ್ಚು ದೂರದ ಊರಿನಲ್ಲಿ. ಭಾನುವಾರದ ಪಾಠವೂ ಎಲ್ಲ ಮಕ್ಕಳಿಗೆ ದೊರೆಯುವುದಿಲ್ಲ. ಮೂರು ತುಂಬುವುದರೊಳಗೆ ಮಗು ಪಟ್ಟಣದ ಇಂಗ್ಲಿಷ್ ಶಾಲೆಯ ವ್ಯಾನು ಹತ್ತುತ್ತದೆ. ಸಂಜೆ ಅದರ ಕೈಯಲ್ಲಿ ಮೊಬೈಲು. ನೋಹನ ನಾವೆಯ ಬಗ್ಗೆ ಇಂಗ್ಲಿಷ್ ಹಾಡು ಅದಕ್ಕೆ ಬಾಯಿಪಾಠ. ಅದೇ ಕಥೆಯನ್ನು ಅಜ್ಜಿಯ ಮಾತಿನಲ್ಲಿ ಕೇಳುವ ವ್ಯವಧಾನ ಯಾರಿಗೂ ಇಲ್ಲ. ಇಲ್ಲಿ ನಷ್ಟವಾಗುತ್ತಿರುವುದು ಕೇವಲ ಧರ್ಮದ ತಿಳಿವಳಿಕೆಯಲ್ಲ. ಎರಡು ತಲೆಮಾರುಗಳಿಗೆ ಸಮಾನವಾಗಿದ್ದ ಭಾಷೆ.

ಈ ಭಾಷೆ ತಾನಾಗಿ ಬಂದದ್ದಲ್ಲ. ಸಂಪೂರ್ಣ ಬೈಬಲ್ ಕನ್ನಡದಲ್ಲಿ ಬಳ್ಳಾರಿಯಿಂದ ಹೊರಬಂದದ್ದು 1831ರಲ್ಲಿ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿತು. ನಿಘಂಟಿನಿಂದ ಹೆಸರಾದ ಫರ್ಡಿನಾಂಡ್ ಕಿಟೆಲ್ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿ, ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿದರು. ಜರ್ಮನಿಯ ಕ್ರಿಸ್ಟಿಯಾನ್ ಗಾಟ್ಲೋಬ್ ಬಾರ್ತ್ 1832ರಲ್ಲಿ ಹೊರತಂದ ಬೈಬಲ್ ಕಥೆಗಳ ಪುಸ್ತಕದಲ್ಲಿ ಹಳೆಯ ಒಡಂಬಡಿಕೆಯ 52, ಹೊಸ ಒಡಂಬಡಿಕೆಯ 52 ಕಥೆಗಳಿದ್ದವು. ಅಂದರೆ ವರ್ಷದ ಪ್ರತಿ ವಾರಕ್ಕೆ ಎರಡು. ಕಥೆ ಕೇಳುವವರ ನುಡಿಯಲ್ಲಿ, ಕೇಳುವವರ ಅಳತೆಗೆ ತಕ್ಕಂತೆ ಇರಬೇಕೆಂಬುದನ್ನು ಅವರು ಅರಿತಿದ್ದರು.

ಈ ಸೀಮೆಯ ಮಗುವಿಗಂತೂ ಬೈಬಲಿನ ಲೋಕ ಪರಕೀಯವಲ್ಲ. ಐಗುಪ್ತದಲ್ಲಿ ಏಳು ವರ್ಷದ ಸುಗ್ಗಿಯ ಧಾನ್ಯವನ್ನು ಏಳು ವರ್ಷದ ಬರಕ್ಕಾಗಿ ಯೋಸೇಫ ಕೂಡಿಟ್ಟ. ಎರೆಭೂಮಿಯ ರೈತರು ನೆಲದಲ್ಲಿ ಹಗೇವು ತೋಡಿ ಜೋಳ ತುಂಬಿಡುತ್ತಿದ್ದುದು ಇದೇ ಲೆಕ್ಕಾಚಾರದಿಂದ. ವಿಧವೆ ರೂತಳು ಬೇತ್ಲೆಹೇಮಿನ ಹೊಲದಲ್ಲಿ ಹಕ್ಕಲು ಆಯ್ದಳು. ಬೇಕೆಂದೇ ಕೆಲವು ತೆನೆಗಳನ್ನು ಅವಳಿಗಾಗಿ ಬಿಟ್ಟುಬಿಡಿ ಎಂದು ಹೊಲದ ಒಡೆಯ ಬೋವಜ ಆಳುಗಳಿಗೆ ಹೇಳಿದ. ಕೊಯ್ಲಾದ ಹೊಲದ ಹಕ್ಕಲು ಬಡವರ ಪಾಲು ಎಂಬುದನ್ನು ನಮ್ಮ ಹಳ್ಳಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಅರ್ಥಶಾಸ್ತ್ರ ಓದಿದ ನನಗೆ ಆಸ್ತಿಯ ಹಕ್ಕು ಮತ್ತು ಹಸಿವಿನ ಹಕ್ಕಿನ ನಡುವಣ ಸಂಬಂಧವನ್ನು ಇದಕ್ಕಿಂತ ಸರಳವಾಗಿ ಹೇಳುವ ಪಾಠ ಸಿಕ್ಕಿಲ್ಲ.

ಕಲಘಟಗಿ ಕಡೆಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ನಾಲ್ಕು ವರ್ಷದ ಮೊಮ್ಮಗನಿಗೆ ಯೋಸೇಫನ ಕಥೆ ಹೇಳುತ್ತಿದ್ದುದನ್ನು ಕೇಳಿದ್ದೇನೆ. ‘ಆಯಿ, ಹಗೇವು ಅಂದ್ರ ಏನ?’ ಎಂದ ಹುಡುಗ. ಕಥೆ ಅಲ್ಲಿಗೆ ನಿಂತಿತು. ‘ನಿಮ್ಮ ಮುತ್ಯಾನ ಕಾಲದಾಗ ನೆಲದಾಗ ತೆಗ್ಗ ತೋಡಿ ಜ್ವಾಳಾ ತುಂಬತಿದ್ರಪಾ. ಬಾಯಿ ತಗದ ಕೂಡಲೇ ಇಳೀತಿದ್ದಿಲ್ಲ, ಒಳಗ ಕೆಟ್ಟ ಗಾಳಿ ಇರತಿತ್ತು’ ಎಂದು ಆಕೆ ವಿವರಿಸಿದರು. ಐಗುಪ್ತದ ಕಣಜದ ಜೊತೆಗೆ ತನ್ನ ಊರಿನಲ್ಲಿ ಮರೆಯಾದ ಹಗೇವೂ ಆ ಹುಡುಗನ ಪಾಲಿಗೆ ಬಂದಿತು. ಈ ಕೆಲಸವನ್ನು ಯಾವ ವಿಡಿಯೊ ಮಾಡಬಲ್ಲದು? ಅದಕ್ಕೆ ಮಗುವಿನ ಪ್ರಶ್ನೆ ಕೇಳಿಸುವುದಿಲ್ಲ.

ಎಳವೆಯ ಮೇಲಿನ ಹೂಡಿಕೆಯ ಪ್ರತಿಫಲವನ್ನು ಅರ್ಥಶಾಸ್ತ್ರಜ್ಞರೂ ಲೆಕ್ಕ ಹಾಕಿದ್ದಾರೆ. 2000ನೆಯ ಇಸವಿಯ ನೊಬೆಲ್ ಪುರಸ್ಕೃತ ಜೇಮ್ಸ್ ಹೆಕ್ಮನ್ ಮತ್ತು ಅವರ ಸಹವರ್ತಿಗಳು, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1960ರ ದಶಕದಲ್ಲಿ ಬಡ ಮಕ್ಕಳಿಗಾಗಿ ನಡೆದ ಪೆರ‍್ರಿ ಶಾಲಾಪೂರ್ವ ಕಾರ್ಯಕ್ರಮವನ್ನು ಪರಿಶೀಲಿಸಿ, ಅದರ ಪ್ರತಿಫಲ ವರ್ಷಕ್ಕೆ ಶೇ 7ರಿಂದ 10ರಷ್ಟು ಎಂದು ಅಂದಾಜಿಸಿದರು. ಅಲ್ಲಿ ಶಿಕ್ಷಕರು ಮನೆಮನೆಗೆ ಹೋಗಿ ತಾಯಂದಿರನ್ನೂ ಕಲಿಕೆಯಲ್ಲಿ ತೊಡಗಿಸುತ್ತಿದ್ದರು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದ ಅವಧಿಯನ್ನು ಬುನಾದಿ ಹಂತವೆಂದು ಗುರುತಿಸಿ ಮನೆಮಾತಿಗೆ ಒತ್ತು ಕೊಟ್ಟಿದೆ. ಅಜ್ಜಿಯ ಕಥೆಗೆ ಬಜೆಟ್ಟಿನ ಅನುಮೋದನೆ ಬೇಕಿಲ್ಲ.

ಎಚ್ಚರಿಕೆಯೂ ಅಗತ್ಯ. ಎಲ್ಲ ಕಥೆಗಳೂ ಎಲ್ಲ ವಯಸ್ಸಿಗೆ ಹೊಂದುವುದಿಲ್ಲ. ಮಗನನ್ನು ಬಲಿ ಕೊಡಲು ಹೊರಟ ಅಬ್ರಹಾಮನ ಕಥೆ ದೊಡ್ಡವರಿಗೇ ಕಠಿಣ. ನಾಲ್ಕು ವರ್ಷದ ಮಗು ಅದನ್ನು ಕೇಳಿ ತನ್ನ ಅಪ್ಪನ ಮುಖ ನೋಡೀತು. ಬುಟ್ಟಿಯಲ್ಲಿ ತೇಲಿದ ಕೂಸು ಮೋಶೆ, ತಪ್ಪಿಸಿಕೊಂಡ ಕುರಿಯನ್ನು ಹುಡುಕಿ ಹೆಗಲ ಮೇಲೆ ಹೊತ್ತುತಂದ ಕುರುಬ, ಇವರೇ ಆ ವಯಸ್ಸಿಗೆ ಸಾಕು. ‘ಸುಳ್ಳು ಹೇಳಿದರೆ ದೇವರು ಶಿಕ್ಷಿಸುತ್ತಾನೆ’ ಎಂಬ ಬೆದರಿಕೆಗೆ ಕಥೆಯನ್ನು ಬಳಸಬಾರದು. ಕೊನೆಗೆ ನೀತಿಯನ್ನು ಒಪ್ಪಿಸುವಂತೆ ಕೇಳಿದರೆ ಕಥೆ ಪರೀಕ್ಷೆಯಾಗುತ್ತದೆ.

ಮನೆಯಲ್ಲಿ ತನ್ನ ಧರ್ಮದ ಕಥೆ ಕೇಳಿದ ಮಗು ನೆರೆಯವರಿಂದ ದೂರವಾದೀತೆಂಬ ಶಂಕೆ ಕೆಲವರಿಗುಂಟು. ಈ ನೆಲದ ಅನುಭವ ಹಾಗೆ ಹೇಳುವುದಿಲ್ಲ. ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದ ಭಟ್ಟರು ಶಿಶುನಾಳ ಶರೀಫರಿಗೆ ಗುರುವಾದರು. ನವಲಗುಂದದ ನಾಗಲಿಂಗ ಸ್ವಾಮಿಗಳ ಮಠದಲ್ಲಿ ಹಳೆಯ ಬೈಬಲ್ ಪ್ರತಿಯೊಂದನ್ನು ಇಂದಿಗೂ ಗೌರವದಿಂದ ಕಾಪಾಡಿಕೊಂಡು ಬರಲಾಗಿದೆ. ತನ್ನ ಮನೆಯ ಕಥೆಯನ್ನು ಚೆನ್ನಾಗಿ ಬಲ್ಲ ಮಗುವಿಗೆ ಪಕ್ಕದ ಮನೆಯ ಕಥೆಯ ಬಗ್ಗೆ ಕುತೂಹಲ ಹುಟ್ಟುತ್ತದೆ, ಭಯವಲ್ಲ.

ಆದ್ದರಿಂದ ಕ್ರೈಸ್ತ ಪಾಲಕರಿಗೆ ಮಾತ್ರವಲ್ಲ, ಎಲ್ಲ ಧರ್ಮದ ಪಾಲಕರಿಗೂ ನನ್ನ ಸಲಹೆ ಇಷ್ಟೆ: ರಾತ್ರಿ ಊಟದ ನಂತರ ಕಾಲು ಗಂಟೆ ಮೊಬೈಲನ್ನು ಬದಿಗಿಡಿ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಅವರಿಗೆ ಆ ಹೊತ್ತನ್ನು ಬಿಟ್ಟುಕೊಡಿ. ಮಗು ನಡುವೆ ಪ್ರಶ್ನೆ ಕೇಳಿದರೆ ಗದರಿಸಬೇಡಿ. ಉತ್ತರ ಹೇಳುವಷ್ಟರಲ್ಲಿ ಅದು ನಿದ್ದೆ ಹೋದರೆ, ಉಳಿದ ಕಥೆಯನ್ನು ನಾಳೆ ಹೇಳಿದರಾಯಿತು.